ಸಹಿ ಹಾಕುವ ಮೊದಲೇ ಹೆಸರಿನ ಮಾತು ಮುಗಿಸಿಕೊಳ್ಳಿ

ಪ್ರಶ್ನೆ: ನಾನು ಕುಮಟಾದವಳು, ಚಿತ್ರ ಬರೆಯುತ್ತೇನೆ. ಶಿರಸಿಯ ಗೆಳೆಯನೊಬ್ಬ ಕಥೆ ಬರೆಯುತ್ತಾನೆ. ಇಬ್ಬರೂ ಸೇರಿ ಒಂದು ಸೂಪರ್‌ಹೀರೋ ಕಾಮಿಕ್ಸ್ ಮಾಡಿದ್ದೇವೆ. ಅಘನಾಶಿನಿ ನದಿಯಲ್ಲಿ ಬಳಚು, ಅಂದರೆ ಚಿಪ್ಪುಮೀನು, ಹೆಕ್ಕುವ ಹುಡುಗಿಯೇ ನಾಯಕಿ. ಉಬ್ಬರ ಏರಿದಂತೆ ಅವಳ ಶಕ್ತಿ ಏರುತ್ತದೆ, ಇಳಿತದಲ್ಲಿ ಇಳಿಯುತ್ತದೆ. ತಲೆಗೆ ಯಕ್ಷಗಾನದ ಕೇದಗೆ ಮುಂದಲೆಯನ್ನು ನೆನಪಿಸುವ ಶಿರಸ್ತ್ರಾಣ. ಇದು ಒಂದು ಮಾಸಪತ್ರಿಕೆಯಲ್ಲಿ ಕಂತುಗಳಾಗಿ ಬಂತು. ಈಗ ಬೆಂಗಳೂರಿನ ನಿರ್ಮಾಪಕರೊಬ್ಬರು ಸಿನಿಮಾ ಮಾಡುತ್ತೇವೆಂದು ಒಂದು ಪುಟದ ಅಗ್ರಿಮೆಂಟ್ ಕಳಿಸಿದ್ದಾರೆ. ಅದರಲ್ಲಿ ‘ಎಲ್ಲ ಹಕ್ಕುಗಳೂ ಶಾಶ್ವತವಾಗಿ, ಜಗತ್ತಿನಾದ್ಯಂತ’ ಅವರದ್ದು, ನಮ್ಮ ಹೆಸರು ಹಾಕುವುದು ‘ನಿರ್ಮಾಪಕರ ವಿವೇಚನೆಗೆ ಬಿಟ್ಟದ್ದು’ ಎಂದಿದೆ. ಕೇಳುವ ಮೊದಲೇ ನನ್ನ ಖಾತೆಗೆ ಹತ್ತು ಸಾವಿರ ಮುಂಗಡ ಹಾಕಿದ್ದಾರೆ. ಪತ್ರಿಕೆಯ ಸಂಪಾದಕರು ಸಿನಿಮಾ ಹಕ್ಕು ತಮ್ಮದು ಎನ್ನುತ್ತಾರೆ. ಕಾಪಿರೈಟ್ ನೋಂದಣಿ ಮಾಡಿಸದಿದ್ದರೆ ಹಕ್ಕೇ ಇಲ್ಲ ಎಂದು ಒಬ್ಬರು, ಹಸ್ತಪ್ರತಿಯನ್ನು ನಮಗೇ ರಿಜಿಸ್ಟರ್ಡ್ ಪೋಸ್ಟ್ ಮಾಡಿಕೊಂಡರೆ ಸಾಕು ಎಂದು ಇನ್ನೊಬ್ಬರು. ಗೆಳೆಯ ಮಾತ್ರ, ‘ಬ್ಯಾಟ್‌ಮನ್ ಬರೆದವನಿಗೇ ಹೆಸರು ಸಿಗಲಿಲ್ಲ, ನಮಗ್ಯಾರು ಕೊಡ್ತಾರೆ, ಸುಮ್ನೆ ಸಹಿ ಹಾಕು’ ಎನ್ನುತ್ತಾನೆ. ಜಾಸ್ತಿ ಕೇಳಿದರೆ ಸಿನಿಮಾವೇ ಕೈತಪ್ಪುತ್ತದೆಂಬ ಭಯ ನನಗೆ. ಏನು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ಭಯಗಳು ಹಲವು, ಚಿಂತೆ ಮಾತ್ರ ಒಂದೇ. ಸಿನಿಮಾ ತೆರೆಗೆ ಬಂದ ದಿನ ಆ ಹುಡುಗಿ ನಿಮ್ಮಿಬ್ಬರ ಕೈಯಿಂದ ಹುಟ್ಟಿದವಳು ಎಂದು ನೋಡುವವರಿಗೆ ಗೊತ್ತಾಗುತ್ತದೋ ಇಲ್ಲವೋ ಎಂಬುದು. ಇದು ಸಣ್ಣ ಆಸೆಯಲ್ಲ, ಅತಿಯಾಸೆಯೂ ಅಲ್ಲ. ಕಾರವಾರದಲ್ಲಿ ವಕೀಲಿ ಮಾಡುವ ನನ್ನ ಹತ್ತಿರ ಯಕ್ಷಗಾನ ಪ್ರಸಂಗ ಬರೆದವರು, ನಾಟಕ ಬರೆದವರು ಇದೇ ದೂರು ಹೊತ್ತು ಬರುತ್ತಾರೆ. ಕರಪತ್ರದಲ್ಲಿ ಹೆಸರು ಬಿಟ್ಟುಹೋಯಿತು, ಧ್ವನಿಸುರುಳಿಯಲ್ಲಿ ಬೇರೆಯವರ ಹೆಸರು ಬಂತು ಎಂದು. ಹೆಚ್ಚಿನವರು ಬರುವುದು ಎಲ್ಲ ಮುಗಿದ ಮೇಲೆ. ನೀವು ಸಹಿ ಹಾಕುವ ಮೊದಲೇ ಕೇಳಿದ್ದೀರಿ. ಅರ್ಧ ಕೆಲಸ ಅಲ್ಲಿಗೇ ಆಯಿತು.

ಮೊದಲು ನಿಮ್ಮ ಗೆಳೆಯರ ಮಾತು. ಬ್ಯಾಟ್‌ಮನ್ ವಿಷಯ ಅವರು ಹೇಳಿದ್ದು ನಿಜ. ಆದರೆ ಅದರಿಂದ ಅವರು ಕಲಿತ ಪಾಠ ತಿರುಗಾಮುರುಗಾ ಆಗಿದೆ. 1939ರಲ್ಲಿ ಬಾಬ್ ಕೇನ್ ಎಂಬ ಚಿತ್ರಕಾರ ಈ ಪಾತ್ರದ ಮೊದಲ ಚಿತ್ರ ಬರೆದಾಗ ಅದಕ್ಕೆ ಕೆಂಪು ಬಿಗಿಯುಡುಪಿತ್ತು, ಬೆನ್ನಿಗೆ ಗಟ್ಟಿ ರೆಕ್ಕೆ, ಕಣ್ಣಿಗಷ್ಟೇ ಪುಟ್ಟ ಮುಖವಾಡ. ಕಥೆಗಾರ ಬಿಲ್ ಫಿಂಗರ್ ಅದನ್ನು ನೋಡಿ, ರೆಕ್ಕೆ ತೆಗೆದು ನಿಲುವಂಗಿ ಹಾಕು, ತಲೆಗೆ ಕಿವಿಯಿರುವ ಮುಸುಕು ಬರಲಿ, ಕೈಗೆ ಗವಸು ಇರಲಿ, ಬಣ್ಣ ಕಪ್ಪು-ಬೂದು ಮಾಡು ಎಂದ. ಬ್ರೂಸ್ ವೇಯ್ನ್ ಎಂಬ ಹೆಸರು, ಗೋಥಮ್ ಎಂಬ ಊರು ಅವನದ್ದೇ. ಇವತ್ತು ಮಕ್ಕಳು ಬ್ಯಾಟ್‌ಮನ್ ಎಂದು ಗುರುತಿಸುವ ಆಕಾರದಲ್ಲಿ ಬಹುಪಾಲು ಫಿಂಗರ್‌ನ ಸಲಹೆಯೇ. ಆದರೂ ಅವನು 1974ರಲ್ಲಿ ತೀರಿಕೊಳ್ಳುವವರೆಗೆ ಸೃಷ್ಟಿಕರ್ತ ಎಂಬ ಜಾಗದಲ್ಲಿ ಅವನ ಹೆಸರು ಬರಲಿಲ್ಲ. ಬ್ಯಾಟ್‌ಮನ್ ಪ್ರಕಟಿಸುವ ಡಿಸಿ ಕಂಪನಿ ಅದನ್ನು ಸೇರಿಸಲು ಒಪ್ಪಿದ್ದು 2015ರಲ್ಲಿ.

ಯಾಕೆ ಹೀಗಾಯಿತು? ಸಿನಿಮಾದವರು ಕದ್ದಿದ್ದಕ್ಕಲ್ಲ. ಕಂಪನಿಯ ಜತೆ ಕರಾರು ಮಾಡಿಕೊಂಡವನು ಕೇನ್ ಒಬ್ಬನೇ. ಆ ಕಾಗದದಲ್ಲಿ ಫಿಂಗರ್ ಇರಲೇ ಇಲ್ಲ. ಇಬ್ಬರು ಗೆಳೆಯರ ನಡುವೆ ಬರೆದುಕೊಳ್ಳದೆ ಉಳಿದ ಒಂದು ಮಾತು 76 ವರ್ಷ ಎಳೆದಾಡಿತು. ಅದಕ್ಕೇ ಹೇಳುತ್ತೇನೆ, ನಿರ್ಮಾಪಕರಿಗೆ ಉತ್ತರ ಬರೆಯುವ ಮೊದಲು ನೀವು ಮತ್ತು ನಿಮ್ಮ ಗೆಳೆಯ ಕೂತು ನಿಮ್ಮೊಳಗಿನ ಕಾಗದ ಮಾಡಿಕೊಳ್ಳಿ. ಪಾತ್ರ ಇಬ್ಬರ ಸೃಷ್ಟಿಯೋ, ಹೆಸರು ಯಾವ ಕ್ರಮದಲ್ಲಿ, ಹಣದಲ್ಲಿ ಪಾಲು ಎಷ್ಟು, ಒಬ್ಬರು ಒಪ್ಪದೆ ಇನ್ನೊಬ್ಬರು ಮಾರಬಹುದೇ, ಒಬ್ಬರು ತೀರಿಕೊಂಡರೆ ಮನೆಯವರಿಗೆ ಏನು. ಗೆಳೆತನ ಚೆನ್ನಾಗಿರುವಾಗಲೇ ಇದನ್ನು ಬರೆಯಬೇಕು. ಈಗ ಅಗ್ರಿಮೆಂಟ್ ಬಂದಿರುವುದು ಯಾರ ಹೆಸರಿಗೆ ಎಂದು ನೋಡಿ. ಮುಂಗಡ ಬಂದಿರುವುದು ನಿಮ್ಮೊಬ್ಬರ ಖಾತೆಗೆ. ಕಾಗದವೂ ನಿಮ್ಮೊಬ್ಬರ ಹೆಸರಿಗೇ ಇದ್ದರೆ, ಗೊತ್ತಿಲ್ಲದೆಯೇ ನೀವು ಕೇನ್ ಜಾಗದಲ್ಲಿ ನಿಂತಿದ್ದೀರಿ, ನಿಮ್ಮ ಗೆಳೆಯ ಫಿಂಗರ್ ಜಾಗದಲ್ಲಿ. ಸುಮ್ನೆ ಸಹಿ ಹಾಕು ಎನ್ನುವ ಅವರಿಗೆ ಇದನ್ನು ತೋರಿಸಿ.

ಇನ್ನು ನೀವು ಕೇಳಿದ ಮಾತುಗಳಲ್ಲಿ ಯಾವುದು ನಿಜ, ಯಾವುದು ಗಾಳಿಮಾತು ನೋಡೋಣ.

ನೋಂದಣಿ ಇಲ್ಲದಿದ್ದರೆ ಹಕ್ಕಿಲ್ಲ ಎಂಬುದು ತಪ್ಪು. ಕಾಗದದ ಮೇಲೆ ಚಿತ್ರ ಬಿದ್ದ ಕ್ಷಣವೇ ಕಾಪಿರೈಟ್ ಹುಟ್ಟುತ್ತದೆ. ನೋಂದಣಿ ಎಂಬುದು ಕೋರ್ಟಿನಲ್ಲಿ ಮೇಲ್ನೋಟಕ್ಕೆ ಒಪ್ಪುವ ಸಾಕ್ಷಿ, ಅಷ್ಟೇ. ಆದರೂ ಮಾಡಿಸಿ. ಕಥೆ ಸಾಹಿತ್ಯ ಕೃತಿಯಾಗಿ, ಚಿತ್ರಗಳು ಕಲಾಕೃತಿಯಾಗಿ. ಒಂದೊಂದಕ್ಕೆ ಶುಲ್ಕ 500 ರೂಪಾಯಿ. ಆನ್‌ಲೈನ್ ಅರ್ಜಿ ಹಾಕಿದ ಮೇಲೆ 30 ದಿನ ಆಕ್ಷೇಪಣೆಗೆ ಕಾಯುತ್ತಾರೆ, ಆಮೇಲೆ ಪರಿಶೀಲನೆ. ನಿಮಗೆ ನೀವೇ ರಿಜಿಸ್ಟರ್ಡ್ ಪೋಸ್ಟ್ ಮಾಡಿಕೊಳ್ಳುವುದಕ್ಕೆ ಕಾನೂನಿನಲ್ಲಿ ವಿಶೇಷ ಬೆಲೆಯಿಲ್ಲ. ಅದಕ್ಕಿಂತ ನಿಮ್ಮ ಪೆನ್ಸಿಲ್ ಕರಡುಗಳು, ಶಿರಸ್ತ್ರಾಣ ಬದಲಾಯಿಸುತ್ತ ಹೋದ ಹಾಳೆಗಳು, ಇಬ್ಬರ ನಡುವಿನ ವಾಟ್ಸಾಪ್ ಮಾತು, ಪತ್ರಿಕೆಯ ಸಂಚಿಕೆಗಳು ಎಷ್ಟೋ ಗಟ್ಟಿ ಸಾಕ್ಷಿ. ಫೋನ್ ಬದಲಿಸುವಾಗ ಆ ಸಂದೇಶಗಳನ್ನು ಅಳಿಸಿಬಿಡಬೇಡಿ.

ಸಂಪಾದಕರ ವಾದಕ್ಕೆ ಉತ್ತರ 1957ರ ಕಾಪಿರೈಟ್ ಕಾಯ್ದೆಯ 17ನೇ ಕಲಂನಲ್ಲಿದೆ. ನೀವು ಅಲ್ಲಿ ಸಂಬಳಕ್ಕಿದ್ದವರಲ್ಲ ಎಂದುಕೊಂಡಿದ್ದೇನೆ. ನೀವೇ ಮಾಡಿ ಕಳಿಸಿದ ಕೃತಿಯ ಮೊದಲ ಒಡೆಯರು ನೀವೇ. ಅಷ್ಟೇ ಅಲ್ಲ, ಪತ್ರಿಕೆಯಲ್ಲಿ ಸಂಬಳಕ್ಕಿದ್ದು ಪತ್ರಿಕೆಗೆಂದೇ ಬರೆದಿದ್ದರೂ, ಬೇರೆ ಒಪ್ಪಂದ ಇಲ್ಲದಿದ್ದರೆ, ಮಾಲೀಕರ ಹಕ್ಕು ಪತ್ರಿಕೆಗಳಲ್ಲಿ ಪ್ರಕಟಿಸುವಷ್ಟಕ್ಕೆ ಮಾತ್ರ. ಸಿನಿಮಾ ಹಕ್ಕು ಬರೆದವರಲ್ಲೇ ಉಳಿಯುತ್ತದೆ. ಇದು ಬಹಳ ಸಂಪಾದಕರಿಗೇ ಗೊತ್ತಿಲ್ಲ. ಆದರೆ ಎರಡು ಕಡೆ ಎಚ್ಚರ ಬೇಕು. ಗೌರವಧನದ ರಸೀದಿ ಅಥವಾ ಫಾರ್ಮಿನಲ್ಲಿ ‘ಎಲ್ಲ ಹಕ್ಕುಗಳನ್ನೂ ಬಿಟ್ಟುಕೊಟ್ಟಿದ್ದೇನೆ’ ಎಂಬ ಸಾಲಿಗೆ ಸಹಿ ಹಾಕಿದ್ದೀರಾ ನೋಡಿ. ಮತ್ತೆ, ಅವರು ಹಣ ಕೊಟ್ಟು ಹೇಳಿ ಮಾಡಿಸಿದ ಮುಖಪುಟದ ಬಣ್ಣದ ಚಿತ್ರವೇನಾದರೂ ಇದ್ದರೆ ಅದರ ಲೆಕ್ಕ ಬೇರೆ. ಹಾಗೆ ದುಡ್ಡು ಕೊಟ್ಟು ಮಾಡಿಸಿದ ವರ್ಣಚಿತ್ರಕ್ಕೆ ಮಾಡಿಸಿದವರೇ ಮೊದಲ ಒಡೆಯರಾಗುವುದುಂಟು. ಸಂಪಾದಕರ ಜತೆ ಜಗಳ ಬೇಡ. ಯಾವ ಸಂಚಿಕೆಯಿಂದ ಯಾವ ಸಂಚಿಕೆವರೆಗೆ, ಯಾರ ಕಥೆ, ಯಾರ ಚಿತ್ರ ಪ್ರಕಟವಾಯಿತು ಎಂದು ಒಂದು ಪತ್ರ ಬರೆಸಿಕೊಳ್ಳಿ. ಅದು ನಾಳೆ ಬಹಳ ಉಪಯೋಗಕ್ಕೆ ಬರುತ್ತದೆ.

ನೀವು ಕೇಳದ ಒಂದು ಪ್ರಶ್ನೆಯನ್ನು ನಿರ್ಮಾಪಕರ ಕಡೆಯವರು ಖಂಡಿತ ಎತ್ತುತ್ತಾರೆ. ಕೇದಗೆ ಮುಂದಲೆ ನಿಮ್ಮ ಅಜ್ಜನ ಆಸ್ತಿಯಾ ಎಂದು. ಅಲ್ಲ. ಅದು ಯಕ್ಷಗಾನದ ಬಡಗುತಿಟ್ಟು ಶೈಲಿಯ ಪರಂಪರೆ, ಎಲ್ಲರದ್ದು. ಉಬ್ಬರಕ್ಕೆ ಶಕ್ತಿ ಏರುತ್ತದೆ ಎಂಬ ಬರೀ ಯೋಚನೆಗೂ ಕಾಪಿರೈಟ್ ಇಲ್ಲ. 1978ರಲ್ಲೇ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟ ಮಾಡಿದೆ, ರಕ್ಷಣೆ ಇರುವುದು ಯೋಚನೆಗಲ್ಲ, ಅದನ್ನು ಹೇಳಿದ ರೀತಿಗೆ. ಆದರೆ ಬಳಚಿನ ಬುಟ್ಟಿ, ಆ ಶಿರಸ್ತ್ರಾಣ, ಏರಿಳಿಯುವ ಶಕ್ತಿ, ಅವಳ ಮುಖ, ಅವಳ ಕಥೆ, ಎಲ್ಲ ಸೇರಿ ನೀವು ಬರೆದು ನಿಲ್ಲಿಸಿದ ಆ ಹುಡುಗಿ ನಿಮ್ಮವಳೇ. 1990ರ ದಶಕದಲ್ಲಿ ದೆಹಲಿ ಹೈಕೋರ್ಟಿಗೆ ನಾಗರಾಜ್ ಎಂಬ ಹಿಂದಿ ಕಾಮಿಕ್ಸ್ ಸೂಪರ್‌ಹೀರೋ ಬಂದಿದ್ದ. ಇನ್ನೊಬ್ಬ ಪ್ರಕಾಶಕರು ಅದೇ ಹಸಿರು ಹಾವಿನ ಚರ್ಮದ ಉಡುಪಿನ ನಾಗೇಶ್ ಎಂಬವನನ್ನು ತಂದಿದ್ದರು. ಕೋರ್ಟ್ ತಡೆ ಕೊಟ್ಟಿತು. ನಮ್ಮ ಕರಾವಳಿಯದ್ದೇ ಉದಾಹರಣೆಯೂ ಇದೆ. ಶಿವರಾಮ ಕಾರಂತರು ಹೊಸದಾಗಿ ರೂಪಿಸಿದ ಯಕ್ಷಗಾನ ಬ್ಯಾಲೆಗಳ ಹಕ್ಕಿನ ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋಗಿ 2009ರಲ್ಲಿ ತೀರ್ಪಾಯಿತು. ಅಭಿಮನ್ಯುವಿನ ಕಥೆ ಯಾರ ಸ್ವತ್ತೂ ಅಲ್ಲ. ಆದರೆ ಕಾರಂತರು ಕೊಟ್ಟ ಹೊಸ ರೂಪಕ್ಕೆ ಹಕ್ಕಿದೆ, ಅದು ಉಯಿಲಿನಲ್ಲಿ ಅವರು ಹೆಸರಿಸಿದವರಿಗೆ ಹೋಗುತ್ತದೆ ಎಂಬುದು ಅಲ್ಲಿ ನಿಂತಿತು. ಪರಂಪರೆಯಿಂದ ತೆಗೆದುಕೊಂಡಿದ್ದೇನೆ ಎಂದು ನೀವು ಹಿಂಜರಿಯಬೇಕಿಲ್ಲ.

ಈಗ ಹೆಸರಿನ ವಿಷಯಕ್ಕೆ ಬರೋಣ. ನಮ್ಮ ಕಾಯ್ದೆಯ 57ನೇ ಕಲಂ ಕಲಾವಿದರ ಪಾಲಿಗೆ ದೊಡ್ಡ ಆಸರೆ. ಕಾಪಿರೈಟ್ ಪೂರ್ತಿ ಮಾರಿದ ಮೇಲೂ ‘ಇದನ್ನು ಮಾಡಿದವಳು ನಾನು’ ಎಂದು ಹೇಳಿಕೊಳ್ಳುವ ಹಕ್ಕು ನಿಮ್ಮಲ್ಲೇ ಇರುತ್ತದೆ. ನಿಮ್ಮ ಮಾನಕ್ಕೆ ಕುಂದಾಗುವ ಹಾಗೆ ಕೃತಿಯನ್ನು ವಿರೂಪ ಮಾಡಿದರೆ ತಡೆಯುವ ಹಕ್ಕೂ ಇರುತ್ತದೆ. ಹಿಂದಿ ಕಾದಂಬರಿಗಾರ್ತಿ ಮನ್ನು ಭಂಡಾರಿ ತಮ್ಮ ಕಾದಂಬರಿಯ ಸಿನಿಮಾ ವಿಚಾರವಾಗಿ ಕೋರ್ಟಿಗೆ ಹೋದಾಗ, 1986ರಲ್ಲಿ ದೆಹಲಿ ಹೈಕೋರ್ಟ್ ಈ ಕಲಮನ್ನು ಲೇಖಕರ ಪರವಾಗಿ ವಿಶಾಲವಾಗಿ ಓದಿತು.

ಇಷ್ಟು ಕೇಳಿ ನಿರಾಳವಾಗಬೇಡಿ. ಹೆಸರು ಎಲ್ಲಿ ಬರಬೇಕು, ಎಷ್ಟು ದೊಡ್ಡದಾಗಿ, ಪೋಸ್ಟರಿನಲ್ಲೂ ಬರಬೇಕೇ, ಓಟಿಟಿಯಲ್ಲಿ ಏನು, ಎರಡನೇ ಭಾಗ ಬಂದರೆ ಏನು, ಇದ್ಯಾವುದನ್ನೂ ಆ ಕಲಂ ಹೇಳುವುದಿಲ್ಲ. ಜತೆಗೆ, ಹೆಸರಿನ ಹಕ್ಕನ್ನು ನಾನಾಗಿ ಬಿಟ್ಟುಕೊಟ್ಟಿದ್ದೇನೆ ಎಂದು ಬರೆದುಕೊಟ್ಟರೆ ಅದು ಊರ್ಜಿತವಾಗಬಹುದು. 2015ರಲ್ಲಿ ಒಬ್ಬ ನಿರ್ದೇಶಕರ ಪ್ರಕರಣದಲ್ಲಿ ದೆಹಲಿ ಹೈಕೋರ್ಟ್ ಹಾಗೇ ಹೇಳಿದೆ. ನಿಮ್ಮ ಅಗ್ರಿಮೆಂಟಿನ ‘ವಿವೇಚನೆಗೆ ಬಿಟ್ಟದ್ದು’ ಎಂಬ ಮಾತು ಸಣ್ಣದಾಗಿ ಕಂಡರೂ ಕಾನೂನು ಕೊಟ್ಟದ್ದನ್ನು ಕಿತ್ತುಕೊಳ್ಳುವ ಶಕ್ತಿ ಅದಕ್ಕಿದೆ. ‘ನೈತಿಕ ಹಕ್ಕುಗಳನ್ನು ತ್ಯಜಿಸಿದ್ದೇನೆ’ ಎಂಬ ಸಾಲು ಕಂಡರೂ, ಅದು 57ನೇ ಕಲಂನ ಈ ಹಕ್ಕುಗಳನ್ನೇ ಬಿಟ್ಟುಕೊಡುವ ಮಾತು ಎಂದು ತಿಳಿಯಿರಿ.

ಕ್ರೆಡಿಟ್ ಎಂದರೆ ಎಲ್ಲ ಒಂದೇ ಅಲ್ಲ. ‘ಇವರು ಸೃಷ್ಟಿಸಿದ ಪಾತ್ರ’ ಎಂದು ಮೊದಲಲ್ಲೇ ಬರುವುದು ಒಂದು. ‘ಇಂಥ ಕಾಮಿಕ್ಸ್ ಆಧಾರಿತ’ ಎಂದು ಕೃತಿಯ ಹೆಸರಷ್ಟೇ ಬಂದು ಮಾಡಿದವರ ಹೆಸರು ಬಾರದಿರುವುದು ಇನ್ನೊಂದು. ಜನ ಎದ್ದು ಹೋಗುವಾಗ ಓಡುವ ‘ವಿಶೇಷ ಕೃತಜ್ಞತೆಗಳು’ ಪಟ್ಟಿಯಲ್ಲಿ ಊಟ ಕೊಟ್ಟವರ, ಜಾಗ ಕೊಟ್ಟವರ ನಡುವೆ ಬರುವುದು ಮತ್ತೊಂದು. ಹಾಲಿವುಡ್‌ನ ದೊಡ್ಡ ಸೂಪರ್‌ಹೀರೋ ಸಿನಿಮಾಗಳಲ್ಲೂ ಎಷ್ಟೋ ಕಾಮಿಕ್ಸ್ ಕಲಾವಿದರಿಗೆ ಸಿಗುವುದು ಆ ಕೊನೆಯ ಪಟ್ಟಿಯೇ. ಕನ್ನಡದಲ್ಲಿ ಇನ್ನೊಂದು ಅಪಾಯವಿದೆ. ‘ಕಥೆ, ಚಿತ್ರಕಥೆ, ಸಂಭಾಷಣೆ, ನಿರ್ದೇಶನ’ ಎಂದು ಒಂದೇ ಕಾರ್ಡಿನಲ್ಲಿ ನಿರ್ದೇಶಕರ ಹೆಸರು ಹಾಕುವುದು ನಮ್ಮಲ್ಲಿ ರೂಢಿ. ಯಾರೂ ಕೆಟ್ಟ ಮನಸ್ಸಿನಿಂದ ಮಾಡದೆಯೂ ನಿಮ್ಮ ಗೆಳೆಯರ ‘ಕಥೆ’ ಆ ಸಾಲಿನೊಳಗೆ ಮಾಯವಾಗಿಬಿಡುತ್ತದೆ.

ನಾನಾದರೆ ಅಗ್ರಿಮೆಂಟಿನಲ್ಲಿ ಹೀಗೆ ಬರೆಸುತ್ತೇನೆ: “ಚಲನಚಿತ್ರದ ಆರಂಭದ ಶೀರ್ಷಿಕೆಗಳಲ್ಲಿ, ಬೇರಾರ ಹೆಸರೂ ಇಲ್ಲದ ಪ್ರತ್ಯೇಕ ಕಾರ್ಡಿನಲ್ಲಿ, ಚಿತ್ರಕಥೆ ಬರೆದವರ ಹೆಸರಿನಷ್ಟೇ ಗಾತ್ರದಲ್ಲಿ, ಮೂಲ ಕಥೆ ಮತ್ತು ಪಾತ್ರ ಸೃಷ್ಟಿ ಎಂದು ಇಬ್ಬರು ಕರ್ತೃಗಳ ಹೆಸರನ್ನೂ ತೋರಿಸತಕ್ಕದ್ದು. ಚಿತ್ರಕಥೆಗಾರರ ಹೆಸರಿರುವ ಪ್ರತಿ ಪೋಸ್ಟರ್, ಟ್ರೇಲರ್ ಮತ್ತು ಜಾಹೀರಾತಿನಲ್ಲಿ, ಡಬ್ಬಿಂಗ್, ರೀಮೇಕ್, ಮುಂದುವರಿದ ಭಾಗ ಹಾಗೂ ಓಟಿಟಿ ಪ್ರತಿಗಳಲ್ಲಿ ಇದೇ ಹೆಸರುಗಳು ಬರತಕ್ಕದ್ದು. ಮೂಲ ಕಥೆ ಅಥವಾ ಪಾತ್ರ ಸೃಷ್ಟಿಯ ಶ್ರೇಯವನ್ನು ಬೇರಾರಿಗೂ ಕೊಡತಕ್ಕದ್ದಲ್ಲ.” ಶೀರ್ಷಿಕೆಗಳನ್ನು ಅಂತಿಮಗೊಳಿಸುವ ಮೊದಲು ನಿಮಗೆ ತೋರಿಸಬೇಕು ಎಂದೂ ಸೇರಿಸಿ. ಹೆಸರಿನ ಕಾಗುಣಿತ ತಪ್ಪುವುದು ಎಷ್ಟು ಸಾಮಾನ್ಯ ಎಂದು ನಿಮಗೂ ಗೊತ್ತು.

ಇದಕ್ಕೆ ಅವರ ವಕೀಲರು ಒಂದು ಸಾಲು ಸೇರಿಸಲು ಕೇಳುತ್ತಾರೆ. ಕಣ್ತಪ್ಪಿನಿಂದ ಹೆಸರು ಬಿಟ್ಟುಹೋದರೆ ಅದು ಕರಾರಿನ ಉಲ್ಲಂಘನೆ ಅಲ್ಲ ಎಂದು. ಪೂರ್ತಿ ನಿರಾಕರಿಸಬೇಡಿ, ಅದು ನ್ಯಾಯವಾದ ಭಯವೇ. ಟಿವಿ ಚಾನೆಲ್‌ನವರು ಶೀರ್ಷಿಕೆ ಕತ್ತರಿಸಿದರೆ ನಿರ್ಮಾಪಕರು ಏನು ಮಾಡಿಯಾರು? ಆದರೆ, ತಿಳಿಸಿದ ಇಷ್ಟು ದಿನದೊಳಗೆ ತಮ್ಮ ಕೈಯಲ್ಲಿರುವ ಡಿಜಿಟಲ್ ಪ್ರತಿಗಳನ್ನೆಲ್ಲ ಸರಿಪಡಿಸಬೇಕು ಎಂಬ ಮಾತು ಜತೆಗಿರಲಿ. ಮೊದಲಿನ ಹಾಗೆ ರೀಲಿನ ಕಾಲವಲ್ಲ, ಈಗ ಸರಿಪಡಿಸುವುದು ಸಾಧ್ಯವಿದೆ.

ಹಕ್ಕನ್ನು ಕೊಡುವುದರಲ್ಲೂ ದಾರಿಗಳಿವೆ. ಗಜನಿ ಗದ್ದೆಯನ್ನು ಸಿಗಡಿ ಸಾಕುವವರಿಗೆ ಗೇಣಿಗೆ ಕೊಡುವುದಕ್ಕೂ ಕ್ರಯಪತ್ರ ಮಾಡಿಕೊಡುವುದಕ್ಕೂ ಇರುವ ವ್ಯತ್ಯಾಸವೇ ಇಲ್ಲಿಯೂ. ಅವರು ಕಳಿಸಿರುವುದು ಕ್ರಯಪತ್ರ. ಸಹಿ ಹಾಕಿದರೆ ಸಿನಿಮಾ, ವೆಬ್ ಸರಣಿ, ಆಟಿಕೆ, ಗೇಮ್, ಕೊನೆಗೆ ನಿಮ್ಮದೇ ಮುಂದಿನ ಕಾಮಿಕ್ಸ್ ಕಂತು, ಎಲ್ಲ ಅವರದ್ದು. ನಾಳೆ ಅದೇ ಹುಡುಗಿಯನ್ನು ಬರೆಯಲು ನೀವೇ ಅವರ ಅನುಮತಿ ಕೇಳಬೇಕಾದೀತು. ಶಾಶ್ವತ ಎಂಬ ಪದ ಯಾಕೆ ಹಾಕುತ್ತಾರೆ ಗೊತ್ತೇ? ಅವಧಿ ಬರೆಯದಿದ್ದರೆ 19ನೇ ಕಲಂ ಪ್ರಕಾರ ಹಕ್ಕು ಕೊಟ್ಟದ್ದು 5 ವರ್ಷಕ್ಕೆ ಎಂದು ಲೆಕ್ಕ. ಪ್ರದೇಶ ಬರೆಯದಿದ್ದರೆ ಭಾರತಕ್ಕೆ ಮಾತ್ರ. ಬೇರೆ ಮಾತು ಬರೆದಿಲ್ಲದಿದ್ದರೆ, ಒಂದು ವರ್ಷದೊಳಗೆ ಬಳಸದ ಹಕ್ಕು ಬಿದ್ದುಹೋಗುತ್ತದೆ. ಕಾನೂನು ನಿಮ್ಮ ಕಡೆ ಇಟ್ಟ ಇವುಗಳಲ್ಲಿ ಮೊದಲ ಎರಡನ್ನು ಅಳಿಸಲೆಂದೇ ಆ ಸಾಲು ಇರುವುದು. ಅಮೆರಿಕದಲ್ಲಿ 35 ವರ್ಷಕ್ಕೋ 56 ವರ್ಷಕ್ಕೋ ನೋಟಿಸ್ ಕೊಟ್ಟು ಹಕ್ಕು ಮರಳಿ ಕೇಳುವ ದಾರಿ ಇದೆ, ಅದೂ ಕಂಪನಿಗಾಗಿ ಮಾಡಿದ ಕೆಲಸಕ್ಕೆ ಅನ್ವಯಿಸದು. ನಮ್ಮಲ್ಲಿ ಅಂಥದ್ದಿಲ್ಲ.

ಹಾಗಾಗಿ ನನ್ನ ಸಲಹೆ, ಒಂದು ಸಿನಿಮಾಕ್ಕೆ ಮಾತ್ರ ಪರವಾನಗಿ ಕೊಡಿ. ಮೊದಲು ಒಂದು ವರ್ಷ ಅಥವಾ ಒಂದೂವರೆ ವರ್ಷಕ್ಕೆ ಕಾಯ್ದಿರಿಸುವ ಹಣ ಪಡೆಯಿರಿ. ಆ ಅವಧಿಯಲ್ಲಿ ಚಿತ್ರೀಕರಣ ಶುರುವಾಗದಿದ್ದರೆ ಹಕ್ಕು ನಿಮಗೆ ಮರಳಲಿ. ಇದರಲ್ಲಿ ಅಪಾಯ ಇಲ್ಲವೆಂದಲ್ಲ. ಮೊದಲಿಗೆ ಕೈಗೆ ಬರುವ ಹಣ ಕಡಿಮೆ, ಹೊಸ ನಿರ್ಮಾಪಕರಿಗೆ ಈ ಪದ್ಧತಿ ಅಪರಿಚಿತವಾಗಿ ಕಂಡು ಹಿಂದೆ ಸರಿಯಲೂಬಹುದು. ಅವರು ಪೂರ್ತಿ ಹಕ್ಕೇ ಬೇಕು ಎಂದು ಹಟ ಹಿಡಿದರೆ ಹಣದಲ್ಲಿ ಒಂದಷ್ಟು ಬಿಡಿ, ಹೆಸರಿನ ಷರತ್ತನ್ನೂ ಕಾಮಿಕ್ಸ್ ಮುಂದುವರಿಸುವ ಹಕ್ಕನ್ನೂ ಬಿಡಬೇಡಿ.

ಹೆಸರು ಬಂದರೆ ಹಣವೂ ಬಂದಂತೆ ಎಂದು ಮಾತ್ರ ತಿಳಿಯಬೇಡಿ, ಎರಡೂ ಬೇರೆ. ಮಾರ್ವೆಲ್ ಕಂಪನಿಯ ಕಾಮಿಕ್ಸ್‌ಗೆ ಥಾನೋಸ್ ಎಂಬ ಖಳನನ್ನು ಸೃಷ್ಟಿಸಿದ ಜಿಮ್ ಸ್ಟಾರ್ಲಿನ್ 2017ರಲ್ಲಿ ಬಹಿರಂಗವಾಗಿಯೇ ಹೇಳಿದರು. ಇನ್ನೊಂದು ಕಂಪನಿಯ ಸಿನಿಮಾದಲ್ಲಿ ಬಂದ ತಮ್ಮ ಒಂದು ಚಿಕ್ಕ ಪಾತ್ರಕ್ಕೆ ಸಿಕ್ಕ ಹಣ, ಮಾರ್ವೆಲ್ ಸಿನಿಮಾಗಳಲ್ಲಿ ಬಂದ ತಮ್ಮ ಥಾನೋಸ್, ಗಮೋರಾ, ಡ್ರ್ಯಾಕ್ಸ್ ಮೂರು ಪಾತ್ರಗಳಿಗೂ ಸೇರಿ ಸಿಕ್ಕದ್ದಕ್ಕಿಂತ ಹೆಚ್ಚು ಎಂದು. ನಮ್ಮಲ್ಲಿ 2012ರ ತಿದ್ದುಪಡಿ ಸಿನಿಮಾದಲ್ಲಿ ಸೇರಿದ ಸಾಹಿತ್ಯ ಮತ್ತು ಸಂಗೀತ ಕರ್ತೃಗಳಿಗೆ, ಚಿತ್ರಮಂದಿರದ ಹೊರಗಿನ ಬಳಕೆಯ ರಾಯಲ್ಟಿಯಲ್ಲಿ ಬಿಟ್ಟುಕೊಡಲಾಗದ ಪಾಲು ಕೊಟ್ಟಿದೆ. ಚಿತ್ರಕಾರರನ್ನು ಅದರಲ್ಲಿ ಹೆಸರಿಸಿಲ್ಲ. ಅಂದರೆ ನಿಮ್ಮ ಗೆಳೆಯರಿಗೆ ಒಂದು ಹಿಡಿಕೆ ಸಿಗಬಹುದು, ನಿಮಗೆ ಸಿಗದೆ ಹೋಗಬಹುದು. ನಿಮ್ಮ ಪಾಲು ಕಾಗದದಲ್ಲೇ ಬರಬೇಕು.

ಕೋರ್ಟಿನ ದಾರಿ ಕೊನೆಗೂ ಇದ್ದೇ ಇದೆ. 62ನೇ ಕಲಂ ಪ್ರಕಾರ ನೀವು ವಾಸವಿರುವ ಜಿಲ್ಲೆಯ ನ್ಯಾಯಾಲಯದಲ್ಲೇ ದಾವೆ ಹೂಡಬಹುದು. ಬೆಂಗಳೂರಿಗೆ ಓಡಾಡಲೇಬೇಕೆಂದಿಲ್ಲ. ಆದರೆ ಬಿಡುಗಡೆಗೆ ನಾಲ್ಕು ದಿನವಿರುವಾಗ ತಡೆ ಕೇಳಿದರೆ ಇಷ್ಟು ದಿನ ಎಲ್ಲಿದ್ದಿರಿ ಎಂದು ನ್ಯಾಯಾಧೀಶರು ಕೇಳುತ್ತಾರೆ. ತುರ್ತು ತಡೆ ಬೇಡವೆಂದರೆ ವಾಣಿಜ್ಯ ವ್ಯಾಜ್ಯಗಳಲ್ಲಿ ಮೊದಲು ಮಧ್ಯಸ್ಥಿಕೆಗೆ ಹೋಗಬೇಕಾಗುತ್ತದೆ. ಸಮಯ, ಹಣ ಎರಡೂ ಖರ್ಚು.

ಜಾಸ್ತಿ ಕೇಳಿದರೆ ಕೈತಪ್ಪುತ್ತದೆ ಎಂಬ ನಿಮ್ಮ ಭಯಕ್ಕೆ ಇನ್ನೊಂದು ಮಾತು. 1938ರಲ್ಲಿ ಜೆರ್ರಿ ಸೀಗಲ್, ಜೋ ಶುಸ್ಟರ್ ಸೂಪರ್‌ಮ್ಯಾನ್ ಹಕ್ಕನ್ನು 130 ಡಾಲರಿಗೆ ಬರೆದುಕೊಟ್ಟರು. ಮುಂದೆ ಕಂಪನಿಯ ಮೇಲೆ ದಾವೆ ಹೂಡಿದಾಗ ಹೆಸರೂ ಹೋಯಿತು. ಅದು ಮರಳಿ ಬಂದದ್ದು 1975ರಲ್ಲಿ, ಜತೆಗೆ ಜೀವನಾಂಶದಂತೆ ವರ್ಷಕ್ಕೆ ತಲಾ 20 ಸಾವಿರ ಡಾಲರ್. ಯಾವ ಕೋರ್ಟೂ ಕೊಡಿಸಿದ್ದಲ್ಲ. ದೊಡ್ಡ ಸೂಪರ್‌ಮ್ಯಾನ್ ಸಿನಿಮಾ ತಯಾರಾಗುತ್ತಿತ್ತು, ನೀಲ್ ಆ್ಯಡಮ್ಸ್, ಜೆರ್ರಿ ರಾಬಿನ್ಸನ್ ಮೊದಲಾದ ಕಲಾವಿದರು ವಿಷಯವನ್ನು ಬಹಿರಂಗಕ್ಕೆ ತಂದರು, ಕಂಪನಿಗೆ ಮುಜುಗರವಾಯಿತು. ಮಾರ್ವೆಲ್‌ನ ಹಲವು ಸೂಪರ್‌ಹೀರೋಗಳ ಚಿತ್ರ ಬರೆದ ಜ್ಯಾಕ್ ಕರ್ಬಿಯ ಮನೆಯವರೂ ಅಷ್ಟೇ. 2013ರಲ್ಲಿ ಮೇಲ್ಮನವಿಯಲ್ಲಿ ಸೋತರು, 2014ರಲ್ಲಿ ರಾಜಿಯಾಯಿತು. ಮಾತಿಗೆ ಬೆಲೆ ಬರುವುದು ಸಿನಿಮಾ ಆಗಬೇಕಿರುವಾಗ. ನಿಮ್ಮ ನಿರ್ಮಾಪಕರಿಗೆ ಈಗ, ಮುಹೂರ್ತಕ್ಕೆ ಮೊದಲು, ನಿಮ್ಮ ಸಹಿ ಬೇಕಾಗಿದೆ. ಹಕ್ಕಿನ ಕಾಗದ ಸರಿಯಿಲ್ಲದ ಸಿನಿಮಾವನ್ನು ದೊಡ್ಡ ಓಟಿಟಿಗಳು ಕೊಳ್ಳಲು ಹಿಂಜರಿಯುತ್ತವೆ, ಅದು ಅವರಿಗೂ ಗೊತ್ತು. ಟೈಟಲ್ ಕಾರ್ಡಿಗೆ ಅವರಿಗೆ ಬೀಳುವ ಖರ್ಚೂ ಏನಿಲ್ಲ. ನನ್ನ ಅನುಭವದಲ್ಲಿ, ಹೆಸರು ಕೇಳಿದ ಒಂದೇ ಕಾರಣಕ್ಕೆ ಎದ್ದುಹೋಗುವವರು ಮುಂದೆ ಬೇರೆ ಮಾತಿಗೂ ನಿಲ್ಲುವವರಲ್ಲ.

ಕೊನೆಗೆ ಆ ಹತ್ತು ಸಾವಿರ. ಹಕ್ಕಿನ ವರ್ಗಾವಣೆ ಬರವಣಿಗೆಯಲ್ಲಿ, ಸಹಿಯೊಂದಿಗೆ ಆಗಬೇಕು. ಹಣ ಖಾತೆಗೆ ಬಿದ್ದ ಮಾತ್ರಕ್ಕೆ ಹಕ್ಕು ಹೋಗುವುದಿಲ್ಲ. ಆದರೆ ಖರ್ಚು ಮಾಡಿ ಸುಮ್ಮನಿದ್ದರೆ ನಾಳೆ ‘ಒಪ್ಪಿದ್ದರು’ ಎಂಬ ವಾದಕ್ಕೆ ಅದೇ ಆಧಾರವಾಗುತ್ತದೆ. ಇವತ್ತೇ ಒಂದು ಇಮೇಲ್ ಕಳಿಸಿ. ‘ಕರಾರಿನ ಷರತ್ತುಗಳು ಇನ್ನೂ ಚರ್ಚೆಯಲ್ಲಿವೆ, ನಾವಿಬ್ಬರೂ ಸಹಿ ಹಾಕುವ ತನಕ ಯಾವ ಹಕ್ಕನ್ನೂ ಕೊಟ್ಟಿಲ್ಲ, ಈ ಹಣವನ್ನು ಮರಳಿಸುತ್ತಿದ್ದೇವೆ’ ಎಂದು ಬರೆದು, ಬಂದ ಖಾತೆಗೇ ವಾಪಸ್ ಹಾಕಿ. ಇಮೇಲ್ ಇಬ್ಬರ ಹೆಸರಿನಲ್ಲಿ ಹೋಗಲಿ.